ಇನ್ಸುಲಿನ್ ಯಾಕೆ ಮಾತ್ರೆಯಲ್ಲಿ ಸಿಗುವುದಿಲ್ಲ?

ಅಮ್ಮನಿಗೆ ಡಾಕ್ಟರು ಇನ್ಸುಲಿನ್ ಬರೆದಿದ್ದಾರೆ, ಸೂಜಿ ಅಂದರೆ ಹೆದರುತ್ತಾರೆ, ಮಾತ್ರೆ ಯಾಕಿಲ್ಲ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಒಂಬತ್ತು ವರ್ಷದಿಂದ ಚುಚ್ಚಿಕೊಳ್ಳುತ್ತಿರುವವನು. ಈ ಪ್ರಶ್ನೆ ನನ್ನ ತಲೆಯನ್ನೂ ತಿಂದಿತ್ತು.

ಇನ್ಸುಲಿನ್ ಒಂದು ಪ್ರೋಟೀನ್. 51 ಅಮೈನೋ ಆಮ್ಲ ಸೇರಿ ಆಗಿದ್ದು. ಅದು ಔಷಧಿ ಅಂತ ಹೊಟ್ಟೆಗೇನು ಗೊತ್ತು? ತೊಗರಿಬೇಳೆ ಅರಗಿಸಿದ ಹಾಗೆ ಅದನ್ನೂ ಅರಗಿಸಿಬಿಡುತ್ತದೆ. ಒಂಚೂರು ಉಳಿದರೂ ಕರುಳಿನ ಗೋಡೆ ದಾಟುವುದು ಕಷ್ಟ. 1922ರಲ್ಲಿ ಟೊರೊಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಸಲ ಕೊಟ್ಟಾಗ ಸೂಜಿ ಹಿಡಿದಿದ್ದು ಅದಕ್ಕೇ.

ಬೇರೆ ದಾರಿ ಹುಡುಕಿಲ್ಲ ಅಂತಲ್ಲ. ನಮ್ಮ ಬೆಂಗಳೂರಿನ ಔಷಧಿ ಕಂಪನಿ ಬಯೋಕಾನ್ ಟ್ರೆಗೊಪಿಲ್ ಎಂಬ ಇನ್ಸುಲಿನ್ ಮಾತ್ರೆಯ ಹಿಂದೆ ವರ್ಷಗಟ್ಟಲೆ ಬಿದ್ದಿತ್ತು. ಫೈಜರ್ ಕಂಪನಿ 2006ರಲ್ಲಿ ಬಾಯಿಂದ ಉಸಿರಿನ ಜೊತೆ ಎಳೆದುಕೊಳ್ಳುವ ಎಕ್ಸುಬೆರಾ ಎಂಬ ಇನ್ಸುಲಿನ್ ತಂದು, ವ್ಯಾಪಾರವಾಗದೆ ಮರುವರ್ಷವೇ ನಿಲ್ಲಿಸಿತು. ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕ ಅಫ್ರೆಝಾ ಕೂಡ ಎಳೆದುಕೊಳ್ಳುವಂಥದ್ದೇ. ಆದರೆ ಅದು ಊಟದ ಹೊತ್ತಿನದು ಮಾತ್ರ, ಆಸ್ತಮಾ ಇರುವವರಿಗೆ ಆಗುವುದಿಲ್ಲ.

"ಸೆಮಾಗ್ಲುಟೈಡ್ ಮಾತ್ರೆ ಬಂದಿದೆಯಲ್ಲ" ಅಂತ ಯಾರಾದರೂ ಹೇಳಬಹುದು. ಬಂದಿದೆ, ಆದರೆ ಅದು ಸಕ್ಕರೆ ಕಾಯಿಲೆಯ ಬೇರೆ ಔಷಧಿ, ಇನ್ಸುಲಿನ್ ಅಲ್ಲ. ಖಾಲಿ ಹೊಟ್ಟೆಯಲ್ಲಿ ಅರ್ಧ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಕಾಫಿಯನ್ನೂ ಮುಟ್ಟುವಂತಿಲ್ಲ. ಇಷ್ಟೆಲ್ಲಾ ಮಾಡಿದರೂ ರಕ್ತಕ್ಕೆ ಸೇರುವುದು ನೂರರಲ್ಲಿ ಹೆಚ್ಚುಕಮ್ಮಿ ಒಂದು ಪಾಲು. ಆ ಔಷಧಿ ಮೈಯಲ್ಲಿ ಬಹಳ ದಿನ ಉಳಿಯುತ್ತದೆ, ಹಾಗಾಗಿ ಒಂದು ದಿನ ಕಡಿಮೆ, ಒಂದು ದಿನ ಜಾಸ್ತಿ ಆದರೂ ಸರಿದೂಗುತ್ತದೆ. ಇನ್ಸುಲಿನ್ನಿನಲ್ಲಿ ಹಾಗಲ್ಲ. ಇವತ್ತು ಒಂದು ಪಾಲು, ನಾಳೆ ಎರಡು ಪಾಲು ಸೇರಿದರೆ ಡೋಸ್ ಡಬಲ್ ಆದಂತೆ ಅಲ್ವಾ? ಲೋ ಶುಗರ್ ಆಗಿ ಬೀಳುವುದೇ.

ಈ ನೂರು ವರ್ಷದಲ್ಲಿ ಸೂಜಿ ಮಾತ್ರ ತುಂಬಾ ಬದಲಾಗಿದೆ. ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನಿನ ಸೂಜಿ ಈಗ 4 ಮಿಲಿಮೀಟರ್, ಅಕ್ಕಿಕಾಳಿಗಿಂತ ಗಿಡ್ಡ. ಅಮ್ಮನಿಗೆ ಮುಚ್ಚಳ ತೆಗೆದು ಒಮ್ಮೆ ತೋರಿಸಿ. ಆಸ್ಪತ್ರೆಯ ಇಂಜೆಕ್ಷನ್ ನೆನೆಸಿಕೊಂಡು ಹೆದರುತ್ತಿದ್ದಾರೆ, ಪಾಪ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ನೋವಾಗುವುದಿಲ್ಲ ಅಂತ ಹೊಕ್ಕುಳಿನ ಬಲಗಡೆ ಒಂದೇ ಜಾಗಕ್ಕೆ ದಿನಾ ಚುಚ್ಚಿಕೊಳ್ಳುತ್ತಿದ್ದೆ. ಅಲ್ಲಿ ನಿಂಬೆಕಾಯಿಯಷ್ಟು ಮೆತ್ತನೆಯ ಗಂಟು ಕಟ್ಟಿತು. ಅದರೊಳಗೆ ಹೋದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರದೆ ಶುಗರ್ ಒಂದೇ ಸಮ ಏರಿಳಿಯುತ್ತಿತ್ತು. ಜಾಗ ಬದಲಿಸುತ್ತಾ ಇರಿ. ಬಳಸುತ್ತಿರುವ ಪೆನ್ ಫ್ರಿಜ್ಜಿನ ಹೊರಗೆ, ಬಿಸಿಲು ಬೀಳದ ಕಡೆ ಇರಲಿ. ತಣ್ಣಗಿದ್ದದ್ದನ್ನು ಹಾಗೇ ಚುಚ್ಚಿದರೆ ಉರಿಯುತ್ತದೆ, ಆಮೇಲೆ ಅಮ್ಮ ಖಂಡಿತ ಒಪ್ಪುವುದಿಲ್ಲ.