ಮೇಂಟೆನೆನ್ಸ್‌ಗೆ ಮ್ಯಾಕ್ಸಿಮೋ, ಎಸ್‌ಎಪಿ, ಫಿಕ್ಸ್ ಇವುಗಳಲ್ಲಿ ಯಾವ ಸಾಫ್ಟ್‌ವೇರ್ ತಗೊಳ್ಳಲಿ?

ಈ ಪ್ರಶ್ನೆ ಬಂದಾಗ ನಾನೂ ಯಾವ ಸಾಫ್ಟ್‌ವೇರ್‌ನಲ್ಲಿ ಏನೇನಿದೆ ಅಂತ ಟಿಕ್ ಹಾಕುವ ಪಟ್ಟಿ ಮಾಡಿದ್ದೆ. ಎರಡು ತಿಂಗಳು ಡೆಮೊ ನೋಡಿ ಒಂದನ್ನು ಆರಿಸಿದೆವು. ಸಾಫ್ಟ್‌ವೇರ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ನಾನು ಅದಕ್ಕೆ ತುಂಬಿದ ಮಾಹಿತಿ.

ಅಕೌಂಟ್ಸ್‌ನವರ ಹತ್ತಿರ ಆಸ್ತಿಗಳ ಎಕ್ಸೆಲ್ ಇತ್ತು. ಬೇಗ ಮುಗಿಯಲಿ ಅಂತ ಅದನ್ನೇ ಏರಿಸಿಬಿಟ್ಟೆ. ಅದರಲ್ಲಿ ಪಂಪು, ಮೋಟರು, ಅವೆರಡನ್ನೂ ಜೋಡಿಸುವ ಕಪ್ಲಿಂಗ್ ಎಲ್ಲ ಸೇರಿ ಒಂದೇ ಸಾಲು, ಒಂದೇ ನಂಬರು. ಲೆಕ್ಕಪತ್ರಕ್ಕೆ ಅಷ್ಟು ಸಾಕು. ಆದರೆ ಮೋಟರು ಒಂದೇ ಕಡೆ ಇರುವುದಿಲ್ಲ, ಅಲ್ವಾ? ಕೆಟ್ಟರೆ ಬಿಚ್ಚಿ ಸ್ಪೇರ್ ಕೂರಿಸುತ್ತೇವೆ. ರಿಪೇರಿಯಾಗಿ ಬಂದದ್ದು ಸ್ಟೋರಿಗೆ ಹೋಗಿ, ಮುಂದೆ ಇನ್ಯಾವುದೋ ಪಂಪಿಗೆ ಹತ್ತುತ್ತದೆ. ನಮ್ಮಲ್ಲಿ ಜಾಗಕ್ಕೆ ನಂಬರಿತ್ತು, ಮೋಟರಿಗೆ ಇರಲಿಲ್ಲ. ಮೋಟರು ಹೋದ ಕಡೆ ಅದರ ಚರಿತ್ರೆ ಹೋಗಲಿಲ್ಲ.

ಒಂದೂವರೆ ವರ್ಷದಲ್ಲಿ ಮೂರು ಪಂಪುಗಳಲ್ಲಿ ನಾಲ್ಕು ಸಲ ಮೋಟರಿನ ಬೇರಿಂಗ್ (6309 ಸೈಜಿನದು) ಹೋಯಿತು. ರಿಪೋರ್ಟಿನಲ್ಲಿ ಒಂದೊಂದು ಪಂಪಿಗೆ ಒಂದೋ ಎರಡೋ ಬ್ರೇಕ್‌ಡೌನ್, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ನಾನು ಗ್ರೀಸ್ ಬದಲಿಸಿದೆ, ಪಂಪು-ಮೋಟರು ನೇರ ಕೂರುವಂತೆ ಅಲೈನ್‌ಮೆಂಟ್ ಮಾಡಿಸಿದೆ. ಕೊನೆಗೆ ನಮ್ಮ ಹಿರಿಯ ಫಿಟ್ಟರ್ ಮೋಟರಿನ ಎಂಡ್ ಕವರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ, "ಸಾರ್, ಈ ಪಂಚ್ ಗುರುತು ನಾನು ಮೊದಲೇ ನೋಡಿದ್ದೀನಿ" ಅಂದರು. ಬೇರಿಂಗ್ ಕೂರುವ ಜಾಗ ಸವೆದಿತ್ತು. ಬಿಗಿಯಾಗಲಿ ಅಂತ ಯಾರೋ ಸುತ್ತಲೂ ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆದಿದ್ದರು. ಮೂರೂ ಕಡೆ ಸುತ್ತಿ ಬಂದದ್ದು ಅದೇ ಮೋಟರು! ಪ್ರತಿ ಸಲ ಹೊಸ ಬೇರಿಂಗ್ ಹಾಕಿದರೂ ಅದರ ಹೊರ ಉಂಗುರ ಆ ಸವೆದ ಜಾಗದೊಳಗೆ ಜಾರಿ ತಿರುಗುತ್ತಿತ್ತು.

ಮ್ಯಾಕ್ಸಿಮೋದಲ್ಲಿ ಲೊಕೇಶನ್ (ಜಾಗ) ಬೇರೆ, ಅಸೆಟ್ (ಅಲ್ಲಿ ಕೂರುವ ಯಂತ್ರ) ಬೇರೆ. ಎಸ್‌ಎಪಿಯಲ್ಲಿ ಅವೇ ಫಂಕ್ಷನಲ್ ಲೊಕೇಶನ್ ಮತ್ತು ಇಕ್ವಿಪ್‌ಮೆಂಟ್. ನಮ್ಮ ಸಾಫ್ಟ್‌ವೇರ್‌ನಲ್ಲೂ ಎರಡು ಖಾನೆ ಇದ್ದವು. ಯಾಕಿವೆ ಅಂತ ನಾನು ಕೇಳಲೇ ಇಲ್ಲ.

ಯಾವುದು ಒಳ್ಳೆಯದು ಅನ್ನುವ ಪ್ರಶ್ನೆಯನ್ನು ಸದ್ಯ ಬಿಡಿ. ಸ್ಟೋರು, ಖರೀದಿ ಈಗಾಗಲೇ ಎಸ್‌ಎಪಿಯಲ್ಲಿದ್ದರೆ ಸುಮ್ನೆ ಅದರಲ್ಲೇ ಇರಿ, ಎರಡು ಕಡೆ ಸ್ಪೇರ್ ಲೆಕ್ಕ ಇಡುವ ಕಷ್ಟ ಬೇಡ. ಉಳಿದಂತೆ, ಮೊದಲು ಪ್ಲಾಂಟ್ ಸುತ್ತಿ ಪ್ರತಿ ಮೋಟರಿಗೂ ಅದರದೇ ನಂಬರಿನ ತಗಡು ಹೊಡೆಸಿ. ಆಮೇಲೆ ಡೆಮೊಗೆ ಬಂದವರಿಗೆ ಒಂದೇ ಕೆಲಸ ಕೊಡಿ: "ಈ ಮೋಟರನ್ನು ಒಂದನೇ ಪಂಪಿನಿಂದ ಮೂರನೆಯದಕ್ಕೆ ಹಾಕಿ, ಅದರ ಹಳೆಯ ರಿಪೇರಿಗಳನ್ನೆಲ್ಲ ತೋರಿಸಿ." ಆಗ ಆ ಸಾಫ್ಟ್‌ವೇರ್ ತೆರೆದ ಫೋನು ನಿಮ್ಮ ಫಿಟ್ಟರ್ ಕೈಯಲ್ಲಿರಲಿ, ಅವರ ಕೈಯಲ್ಲಿ ಬೇಡ.