ಅರಗಿನ ಪ್ಲೇಟಿಗೆ ಸ್ಪಿರಿಟ್ ಸೋಕಿಸಬೇಡಿ, ಟರ್ನ್‌ಟೇಬಲ್ ವಿಚಾರ ಆಮೇಲೆ

ಅಜ್ಜನ ಟ್ರಂಕಿನಲ್ಲಿ ಸುಮಾರು 40 ಹಳೆಯ ಗ್ರಾಮಫೋನ್ ಪ್ಲೇಟು ಸಿಕ್ಕಿವೆ, ಹಿಂದೂಸ್ತಾನಿ ಕೇಳುವವರು ಈಗ ಯಾವ ಆಲ್ಬಮ್ ಕೇಳುತ್ತಿದ್ದೀರಿ, ನಾನೂ ಶುರುಮಾಡಬೇಕು, ಪ್ಲೇಟು ಹಾಕಿ ಕೇಳಲು ಯಾವ ಟರ್ನ್‌ಟೇಬಲ್ ತಗೊಳ್ಳಲಿ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ಎದೆ ಝಲ್ ಎಂದಿತು. ಆ ಪ್ಲೇಟುಗಳನ್ನು ನೀವಿನ್ನೂ ಒರೆಸಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ. ಒರೆಸಿಲ್ಲವಾದರೆ ಇದನ್ನು ಓದಿ ಮುಗಿಸುವವರೆಗೆ ಮುಟ್ಟಬೇಡಿ.

ದೊಡ್ಡಪ್ಪನ ಮನೆಯಿಂದ ನನಗೆ ಬಂದದ್ದು 31 ಪ್ಲೇಟು. ಅದರಲ್ಲಿ 8 ಎಲ್‌ಪಿ, ಅಂದರೆ ನಿಮಿಷಕ್ಕೆ 33⅓ ಸುತ್ತಿನ ಲಾಂಗ್ ಪ್ಲೇ ತಟ್ಟೆಗಳು, ಮಿಕ್ಕ 23 ನಿಮಿಷಕ್ಕೆ 78 ಸುತ್ತಿನವು. ಎಲ್‌ಪಿ ಒರೆಸಲೆಂದು ಒಂದು ಸೀಸೆ ದ್ರಾವಣ ತಂದಿದ್ದೆ. ರೆಕಾರ್ಡ್ ತೊಳೆಯುವುದಕ್ಕೆಂದೇ ಮಾರುವ ದ್ರಾವಣ ಅದು, ಒಳಗಿದ್ದದ್ದು ಐಸೊಪ್ರೊಪೈಲ್ ಆಲ್ಕೊಹಾಲ್. ಎಂಟೂ ಎಲ್‌ಪಿ ಕನ್ನಡಿಯಂತಾದವು. ಅದೇ ಧೈರ್ಯದಲ್ಲಿ 78ರ ಪ್ಲೇಟಿಗೂ ಹಚ್ಚಿದೆ. ಬಿಳಿ ಬಟ್ಟೆ ಕಪ್ಪಾಯಿತು. ಎಷ್ಟು ವರ್ಷದ ಕೊಳೆಯೋ ಎಂದು ಮತ್ತೆ ಉಜ್ಜಿದೆ, ಮತ್ತೂ ಕಪ್ಪು. ಹೀಗೆ 9 ಪ್ಲೇಟು ಮುಗಿಸಿದ ಮೇಲೆ ಮೊದಲನೆಯದು ಒಣಗಿತ್ತು, ಅದನ್ನು ಎತ್ತಿ ಬೆಳಕಿಗೆ ಹಿಡಿದೆ. ಹೊಳಪೆಲ್ಲ ಹೋಗಿ ಸ್ಲೇಟಿನ ಬೂದು ಬಣ್ಣಕ್ಕೆ ತಿರುಗಿತ್ತು. ಹಾಕಿ ಕೇಳಿದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದಂಥ ಸದ್ದು, ಅದರ ಹಿಂದೆಲ್ಲೋ ದೂರದಲ್ಲಿ ಹಾಡು.

ಬಟ್ಟೆಗೆ ಬಂದದ್ದು ಕೊಳೆಯಲ್ಲ, ಪ್ಲೇಟೇ. ಇದು ಯಾಕೆ ಹೀಗಾಗುತ್ತದೆ ಎಂಬುದನ್ನು ವಿವರವಾಗಿ ಹೇಳುತ್ತೇನೆ, ಒಮ್ಮೆ ತಿಳಿದರೆ ಮತ್ತೆ ಮರೆಯುವುದಿಲ್ಲ. ಎಲ್‌ಪಿ ಮಾಡುವುದು ವಿನೈಲ್ ಎಂಬ ಪ್ಲಾಸ್ಟಿಕ್‌ನಿಂದ. 78ರ ಪ್ಲೇಟನ್ನು ಕಟ್ಟಿ ಹಿಡಿದಿರುವುದು ಶೆಲ್ಲಾಕ್, ಅಂದರೆ ಅರಗು. ಮರದ ಕೊಂಬೆಗಳ ಮೇಲೆ ಅರಗಿನ ಹುಳ ಬಿಡುವ ಅದೇ ಅಂಟು. ಪ್ಲೇಟಿನಲ್ಲಿ ಅರಗಿನ ಪಾಲು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು. ಮಿಕ್ಕದ್ದು ನುಣ್ಣಗೆ ಅರೆದ ಕಲ್ಲಿನ ಪುಡಿ, ಕಪ್ಪು ಬಣ್ಣಕ್ಕೆ ಇಂಗಾಲದ ಮಸಿ, ಬಿಗಿತಕ್ಕೆ ಒಂದಿಷ್ಟು ಹತ್ತಿಯ ನಾರು. ಬಡಗಿಗಳು ಮರಕ್ಕೆ ಪಾಲಿಶ್ ಹಚ್ಚುವುದನ್ನು ನೋಡಿದ್ದೀರಲ್ಲ? ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ನೆನೆಹಾಕುತ್ತಾರೆ, ಕರಗಿ ಪಾಲಿಶ್ ಆಗುತ್ತದೆ. ಸ್ಪಿರಿಟ್ ಅಂದರೆ ಆಲ್ಕೊಹಾಲ್. ನಾನು ಮಾಡಿದ್ದೂ ಅದೇ ಕೆಲಸ, ಪ್ಲೇಟಿನ ಮೇಲೆ. ಮೇಲ್ಪದರದ ಅರಗು ಕರಗಿತು, ಅದು ಹಿಡಿದುಕೊಂಡಿದ್ದ ಮಸಿ ಬಟ್ಟೆಗೆ ಬಂತು, ಕಲ್ಲಿನ ಪುಡಿ ಮುಳ್ಳು ಓಡುವ ಗೆರೆಯ ಗೋಡೆಯಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿತು. ಹಾಡು ಇರುವುದು ಆ ಗೋಡೆಯ ಕೊರೆತದಲ್ಲಿ. ಅದು ಕರಗಿದ ಮೇಲೆ ಯಾವ ಮುಳ್ಳೂ ಯಾವ ಸಾಫ್ಟ್‌ವೇರೂ ಮರಳಿ ಕೊಡುವುದಿಲ್ಲ. ಕೊಳೆಯಾದರೆ ಎರಡನೇ ಸಲಕ್ಕೆ ಬಟ್ಟೆಗೆ ಬರುವ ಕಪ್ಪು ಕಡಿಮೆಯಾಗುತ್ತದೆ. ಹೆಚ್ಚಾದರೆ ಕರಗುತ್ತಿರುವುದು ಪ್ಲೇಟು ಎಂದೇ ಅರ್ಥ. ಈ ಒಂದು ಗುರುತು ಅಂದು ಗೊತ್ತಿದ್ದರೆ ಎಂಟು ಪ್ಲೇಟು ಉಳಿಯುತ್ತಿದ್ದವು.

ಹಾಗಾಗಿ ಮೊದಲು ಬೇರ್ಪಡಿಸಿ. ಲೇಬಲ್ ಮೇಲೆ 33⅓ ಅಥವಾ 45 ಎಂದಿದ್ದರೆ ವಿನೈಲ್, ಹಿಡಿದರೆ ಸ್ವಲ್ಪ ಬಾಗುತ್ತದೆ. 78ರದು ಭಾರ, ಗಡಸು, ಬಾಗುವುದಿಲ್ಲ, ಕೈಜಾರಿದರೆ ಬಳೆಯ ಹಾಗೆ ಒಡೆಯುತ್ತದೆ. 10 ಇಂಚಿನದಾದರೆ ಒಂದು ಬದಿಗೆ ಸುಮಾರು ಮೂರು ನಿಮಿಷ, 12 ಇಂಚಿನದಾದರೆ ನಾಲ್ಕು, ನಾಲ್ಕೂವರೆ. ಇಸವಿ ನೋಡಿ ನಿರ್ಧರಿಸಬೇಡಿ. ಅಮೆರಿಕದಲ್ಲಿ ಎಲ್‌ಪಿ ಬಂದದ್ದು 1948ರಲ್ಲಿ, ನಮ್ಮಲ್ಲಿ ಮಾತ್ರ 1960ರ ದಶಕದಲ್ಲೂ ಅರಗಿನ ಪ್ಲೇಟು ಅಚ್ಚಾಗುತ್ತಿತ್ತು. ಬೀಟಲ್ಸ್ ಹಾಡುಗಳು ಕೂಡ ಭಾರತದಲ್ಲಿ 78ರ ಪ್ಲೇಟಾಗಿ ಬಂದಿದ್ದವು.

78ರದನ್ನು ತೊಳೆಯುವ ಬಗೆ ಹೀಗೆ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್ ತನ್ನಿ. ಬ್ಯಾಟರಿಗೆ ಹಾಕುವ ನೀರೂ ನಡೆಯುತ್ತದೆ, ಆದರೆ ಅದು ನೀರೇ ಹೊರತು ಆಸಿಡ್ ಅಲ್ಲ ಎಂದು ಕ್ಯಾನಿನ ಮೇಲೆ ಓದಿಕೊಳ್ಳಿ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ. ಒಣಗಿದಾಗ ಸುಣ್ಣದ ಕಲೆ ಗೆರೆಯೊಳಗೆ ಕೂತು ಚಟಪಟ ಎನ್ನುತ್ತದೆ. ಆ ನೀರಿಗೆ ಫೋಟೊ ಫಿಲ್ಮ್ ತೊಳೆಯಲು ಬಳಸುವ ಫೋಟೊ-ಫ್ಲೋ 200 ಎಂಬ ದ್ರವ 5 ಮಿಲಿ. ಅದು ಸಿಗದಿದ್ದರೆ ಬಣ್ಣ, ಪರಿಮಳ ಇಲ್ಲದ ಪಾತ್ರೆ ತೊಳೆಯುವ ಲಿಕ್ವಿಡ್ ಎರಡೇ ಹನಿ. ಮೊದಲು ಒಣ ಮೃದು ಬ್ರಷ್‌ನಿಂದ ದೂಳು ತೆಗೆಯಿರಿ, ಇಲ್ಲದಿದ್ದರೆ ಒದ್ದೆ ಬಟ್ಟೆ ಆ ದೂಳನ್ನೇ ಮರಳುಕಾಗದ ಮಾಡಿಕೊಳ್ಳುತ್ತದೆ. ಬಟ್ಟೆಯನ್ನು ಒದ್ದೆಮಾಡಿ, ಪ್ಲೇಟನ್ನಲ್ಲ. ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ, ಅಡ್ಡ ಒರೆಸಬೇಡಿ. ಲೇಬಲ್‌ಗೆ ಹನಿಯೂ ತಾಗಬಾರದು. ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿದ ಇನ್ನೊಂದು ಬಟ್ಟೆಯಿಂದ ಸೋಪಿನಂಶ ತೆಗೆದು, ಕೂಡಲೇ ಒಣ ಬಟ್ಟೆಯಲ್ಲಿ ಒತ್ತಿ ನೀರು ಹೀರಿಸಿ, ಪಾತ್ರೆ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ಬಕೆಟ್‌ನಲ್ಲಿ ನೆನೆಹಾಕಬೇಡಿ: ಒಳಗಿನ ಹತ್ತಿ ನಾರು, ಬಿರುಕು ಬಿಟ್ಟ ಅಂಚು ನೀರು ಕುಡಿದು ಉಬ್ಬುತ್ತವೆ. ಬಿಸಿಲು, ಬಿಸಿನೀರು, ಹೇರ್ ಡ್ರೈಯರ್ ಬೇಡವೇ ಬೇಡ.

ಇನ್ನು ಟರ್ನ್‌ಟೇಬಲ್. ಯಾವ ಕಂಪನಿಯದು ಎಂಬ ಪ್ರಶ್ನೆಯೇ ತಪ್ಪು ಜಾಗದಿಂದ ಶುರುವಾಗಿದೆ. ಕೇಳಬೇಕಾದದ್ದು ಮುಳ್ಳು ಯಾವುದು ಎಂದು. ಎಲ್‌ಪಿಯ ಗೆರೆಯ ಅಗಲ ಸುಮಾರು 55 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್), 78ರದು ಸುಮಾರು 150. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ 0.7 ಮಿಲ್ (ಇಂಚಿನ ಸಾವಿರದ ಒಂದು ಭಾಗ ಒಂದು ಮಿಲ್), ಅಂದರೆ 18 ಮೈಕ್ರಾನ್. 78ಕ್ಕೆ ಬೇಕಾದದ್ದು 3 ಮಿಲ್, 76 ಮೈಕ್ರಾನ್. ಎಲ್‌ಪಿ ಮುಳ್ಳನ್ನು 78ರ ಗೆರೆಗೆ ಇಳಿಸಿದರೆ ಅದು ಗೋಡೆಗಳನ್ನು ಮುಟ್ಟದೆ ತಳದಲ್ಲಿ ಕೂತ ಕಸದ ಮೇಲೆ ಉರುಳಾಡುತ್ತದೆ. ಸದ್ದು ಜಾಸ್ತಿ, ಸ್ವರ ಕಡಿಮೆ. ಎಷ್ಟೋ ಜನ "ಹಳೆಯ ಪ್ಲೇಟೇ ಹಾಗೆ" ಎಂದು ಕೈಬಿಡುವುದು ಇದರಿಂದಲೇ. 3 ಮಿಲ್ ಮುಳ್ಳಿಗೆ ಬದಲಾಯಿಸಿ ಅದೇ ಪ್ಲೇಟು ಹಾಕಿ, ತಂಬೂರಿ ಕೇಳಿಸಲು ಶುರುವಾಗುತ್ತದೆ.

ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್‌ಗಳ ಮೇಲೆ 33, 45, 78 ಮೂರೂ ಬರೆದಿರುತ್ತದೆ. ವೇಗ ನಿಜ, ಆದರೆ ಹೆಚ್ಚಿನವುಗಳಲ್ಲಿ ಮುಳ್ಳು ಎಲ್‌ಪಿಯದೊಂದೇ. ಮುಳ್ಳು ಹಿಡಿದ ತೋಳು ಪ್ಲೇಟಿನ ಮೇಲೆ ಹಾಕುವ ಭಾರ ಹೊಂದಿಸಲೂ ಬರುವುದಿಲ್ಲ. ಅದನ್ನು ಕೊಳ್ಳಬೇಡಿ. ನಿಮಗೆ ಬೇಕಾದದ್ದು ಮೂರು: 78ರ ವೇಗ, ಭಾರ ಹೊಂದಿಸಬಹುದಾದ ತೋಳು, ಮುಳ್ಳು ಬದಲಿಸಬಹುದಾದ ಕಾರ್ಟ್ರಿಜ್, ಅಂದರೆ ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಪುಟ್ಟ ಭಾಗ. ಆಡಿಯೋ-ಟೆಕ್ನಿಕಾ ಕಂಪನಿಯ ಎಲ್‌ಪಿ120ಎಕ್ಸ್ ಎಂಬ ಟರ್ನ್‌ಟೇಬಲ್‌ನಲ್ಲಿ ಮೂರೂ ಇವೆ. ಅದರ ಜೊತೆ ಬರುವ ವಿಎಂ95ಇ ಕಾರ್ಟ್ರಿಜ್‌ನ ಮುಳ್ಳನ್ನು ಎಳೆದು ತೆಗೆದು ಅದೇ ಸರಣಿಯ 78ರ ಮುಳ್ಳು, ವಿಎಂಎನ್95ಎಸ್‌ಪಿ, ಸಿಕ್ಕಿಸಿದರೆ ಮುಗಿಯಿತು. ಭಾರ ಬದಲಿಸುವುದನ್ನು ಮರೆಯಬೇಡಿ. ಎಲ್‌ಪಿಗೆ 2 ಗ್ರಾಂ, 78ರ ಮುಳ್ಳಿಗೆ 5 ಗ್ರಾಂ. ತೋಳಿನ ಮೇಲಿನ ಅಂಕಿ ಅಷ್ಟು ದೂರ ಹೋಗದಿರಬಹುದು, ಅದಕ್ಕೇ ಒಂದು ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಭಾರ ಕಡಿಮೆಯಾದರೆ ಮುಳ್ಳು ಗೆರೆಯಲ್ಲಿ ಕುಪ್ಪಳಿಸಿ ಗೋಡೆ ಕೆಡಿಸುತ್ತದೆ. ಮನೆಯಲ್ಲಿ ಚಾವಿ ಕೊಡುವ ಗ್ರಾಮಫೋನ್ ಇದ್ದರೆ ಅದರ ಮೇಲೆ ಎಲ್‌ಪಿ ಇಡಬೇಡಿ, ನೂರು ಗ್ರಾಂ ಮೀರಿದ ಅದರ ಭಾರಕ್ಕೆ ಗೆರೆ ಒಂದೇ ಸಲಕ್ಕೆ ಕಿತ್ತುಬರುತ್ತದೆ. ಅದರಲ್ಲಿ 78 ಕೇಳುವುದಾದರೂ ಉಕ್ಕಿನ ಪಿನ್ನನ್ನು ಪ್ರತಿ ಬದಿಗೂ ಬದಲಿಸಿ. ಪ್ಲೇಟಿನ ಕಲ್ಲಿನ ಪುಡಿ ಪಿನ್ನನ್ನು ಸವೆಸಿ ಗೆರೆಗೆ ಹೊಂದಿಸಲಿ ಎಂದೇ ಅದನ್ನು ಹಾಗೆ ಮಾಡಿದ್ದು. ಸವೆದ ಪಿನ್ನು ಮುಂದಿನ ಪ್ಲೇಟಿಗೆ ಬಡಗಿಯ ಉಳಿಯಂತಾಗುತ್ತದೆ.

ವೇಗದ ಬಗ್ಗೆ ಒಂದು ಮಾತು. 50 ಹರ್ಟ್ಸ್ ವಿದ್ಯುತ್ತಿನ ದೇಶಗಳಲ್ಲಿ ವೇಗ ಅಳೆಯಲು ಟರ್ನ್‌ಟೇಬಲ್ ಮೇಲಿಟ್ಟು ತಿರುಗಿಸುವ, ಗೀಟು ಹಾಕಿದ ಸ್ಟ್ರೋಬ್ ಚಕ್ರದಲ್ಲಿ 78ಕ್ಕೆ 77 ಗೀಟು ಇರುತ್ತವೆ, ಸಿಗುವ ವೇಗ 77.92. ಗೀಟು ನಿಂತಂತೆ ಕಂಡರೆ ಸರಿ. ಗೀಟು ನಿಂತಂತೆ ಕಾಣುವುದು ಬೆಳಕಿನ ಮಿನುಗಿನಿಂದ, ಹಾಗಾಗಿ ಹಳೆಯ ಗುಂಡು ಬಲ್ಬಿನ ಬೆಳಕಲ್ಲಿ ನೋಡಿ, ಎಷ್ಟೋ ಎಲ್‌ಇಡಿಗಳು ಮಿನುಗುವುದೇ ಇಲ್ಲ. ಪ್ಲೇಟುಗಳ ಮುದ್ರಣಕ್ಕೆ ವಿದ್ಯುತ್ ಮೈಕ್ ಬಂದದ್ದು 1925ರಲ್ಲಿ. ಅದಕ್ಕೂ ಹಿಂದಿನ ಪ್ಲೇಟುಗಳಲ್ಲಿ 78 ಎಂಬುದು ಅಂದಾಜು ಮಾತ್ರ, ಕಿವಿಯಿಂದಲೇ ಹೊಂದಿಸಬೇಕು. ಆದರೆ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ ವೇಗ ಹೆಚ್ಚಾಯಿತು ಎಂದು ಇಳಿಸಬೇಡಿ. ಅವರು ಹಾಡುತ್ತಿದ್ದದ್ದೇ ಆ ಎತ್ತರದ ಶ್ರುತಿಯಲ್ಲಿ.

ಹಾಕಿದ ಮೊದಲ ಸಲವೇ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ, ಪ್ರತಿ ಸಲ ಹಾಕಿದಾಗಲೂ ಚೂರು ಸವೆಯುತ್ತದೆ. ಸದ್ದು ಮುದ್ರಿಸಿ ತಿದ್ದುವ ಆಡಾಸಿಟಿ ಎಂಬ ಸಾಫ್ಟ್‌ವೇರ್ ಉಚಿತ, ಸಾಕು. 78 ಮಾನೊ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ದನಿ, ಆದ್ದರಿಂದ ಎಡ-ಬಲ ಎರಡನ್ನೂ ಕೂಡಿಸಿ ಮಾನೊ ಮಾಡಿ, ಅಷ್ಟರಲ್ಲೇ ಗೆರೆಯ ಮೇಲು-ಕೆಳಗಿನ ಕಂಪನದ ಸದ್ದು ಒಂದಷ್ಟು ಬಿದ್ದುಹೋಗುತ್ತದೆ. ಮುಳ್ಳಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಈಗಿನ ಪ್ರಿಆಂಪ್‌ಗಳು ಆರ್‌ಐಎಎ ಎಂಬ ಎಲ್‌ಪಿ ಕಾಲದ ಅಳತೆಯಲ್ಲಿ ಮಂದ್ರ-ತಾರ ಸರಿದೂಗಿಸುತ್ತವೆ. 78ಕ್ಕೆ ಆ ಅಳತೆ ಹೊಂದುವುದಿಲ್ಲ, ದನಿ ಮಂಕಾಗಿ ಕೇಳುತ್ತದೆ. ಆಡಾಸಿಟಿಯ ಫಿಲ್ಟರ್ ಕರ್ವ್ ಈಕ್ಯೂನಲ್ಲಿ ಮೇಲಿನ ತುದಿಯನ್ನು, ಅಂದರೆ ತಾರದ ಕಡೆಯನ್ನು, ತುಸು ಎತ್ತಿ. ಸದ್ದು ತೆಗೆಯುವ ನಾಯ್ಸ್ ರಿಡಕ್ಷನ್ ಅನ್ನು ಮಾತ್ರ ಜೋರು ಮಾಡಬೇಡಿ. ಮೊದಲು ಹೋಗುವುದು ತಂಬೂರಿ, ಆಮೇಲೆ ಗಾಯಕರ ಉಸಿರು. ತಂಬೂರಿ ಇಲ್ಲದ ಷಡ್ಜಕ್ಕಿಂತ ಸದ್ದಿರುವ ಷಡ್ಜ ಸಾವಿರ ಪಾಲು ವಾಸಿ.

ಯಾವ ಆಲ್ಬಮ್ ಕೇಳುತ್ತಿದ್ದೀರಿ ಎಂದಿರಿ. 78ರ ಕಾಲಕ್ಕೆ ಆಲ್ಬಮ್ ಅಂದರೆ ಪ್ಲೇಟುಗಳನ್ನು ಜೋಡಿಸಿಡುವ ರಟ್ಟಿನ ಪುಸ್ತಕ. ಹೆಸರು ಬಂದದ್ದೇ ಅಲ್ಲಿಂದ. ನಿಮ್ಮ ಟ್ರಂಕಿನ 78ರ ಪ್ಲೇಟುಗಳಲ್ಲಿರುವುದು ಆಲ್ಬಮ್‌ಗಳಲ್ಲ, ಮೂರು ಮೂರು ನಿಮಿಷದ ರಾಗಗಳು. ಅವನ್ನು ಬೇರೆ ರೀತಿಯಲ್ಲೇ ಕೇಳಬೇಕು: ಒಂದು ಬದಿ, ನಿಲ್ಲಿಸಿ, ಅದೇ ಬದಿ ಮತ್ತೊಮ್ಮೆ. ವಿಸ್ತಾರಕ್ಕೆ ಜಾಗವಿಲ್ಲದ್ದರಿಂದ ರಾಗದ ಮುಖ ತಾಳದ ಮೊದಲ ಆವರ್ತನದಲ್ಲೇ ತೆರೆದುಕೊಳ್ಳುತ್ತದೆ. ರಾಗ ಗುರುತಿಸಲು ಕಲಿಯುವವರಿಗೆ ಒಂದು ಗಂಟೆಯ ಕಛೇರಿಗಿಂತ ಇದೇ ಒಳ್ಳೆಯ ಪಾಠ ಎಂಬುದು ನನ್ನ ಖಚಿತ ಅಭಿಪ್ರಾಯ.

ಸದ್ಯ ನನ್ನ ಟರ್ನ್‌ಟೇಬಲ್ ಮೇಲಿರುವುದು ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ, ಅಂದರೆ ಲಘು ಶಾಸ್ತ್ರೀಯ ಗೀತೆ. ಗದಗಿನಲ್ಲಿ ಅಂಗಡಿಯೊಂದರ ಮುಂದೆ ಹುಡುಗ ಭೀಮಸೇನ ಜೋಶಿ ಕೇಳಿ, ಗುರುವನ್ನು ಹುಡುಕಿಕೊಂಡು ಮನೆ ಬಿಡಲು ಕಾರಣವಾದದ್ದು ಇದೇ. ಖಾನರು 1937ರಲ್ಲಿ ತೀರಿಕೊಂಡರು, ಅದಕ್ಕೆ ಸ್ವಲ್ಪ ಮುಂಚಿನ ಪ್ಲೇಟುಗಳಲ್ಲಿ ದನಿ ನಿಚ್ಚಳವಾಗಿದೆ. ಅದಾದ ಮೇಲೆ ಗಂಗೂಬಾಯಿ ಹಾನಗಲ್ಲರ 1930ರ ದಶಕದ ಪ್ಲೇಟು ಹಾಕಿ, ಹಿಂದೆಯೇ ಅವರ ಎಲ್‌ಪಿ ಹಾಕಿ. ಮೊದಲನೆಯದರಲ್ಲಿ ತೆಳುವಾದ ಎಳೆಯ ದನಿ, ಗಂಟಲಿನ ಚಿಕಿತ್ಸೆಯ ನಂತರದ ಎರಡನೆಯದರಲ್ಲಿ ನೆಲದಾಳದಿಂದ ಬರುವ ದನಿ. ಒಬ್ಬರೇ ಎಂದು ನಂಬಲಾಗದು. ಗಾಯಕಿ ಕೇಸರಬಾಯಿ ಕೇರಕರರ ಭೈರವಿಯೂ ಮೂರೂವರೆ ನಿಮಿಷದ್ದೇ, 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಧ್ವನಿಮುದ್ರಿಕೆಯಲ್ಲಿ ಸೌರಮಂಡಲದಾಚೆಗೆ ಹೊರಟದ್ದು. ನಿಜವಾಗಿಯೂ ಆಲ್ಬಮ್ ಆಗಿಯೇ ಕೇಳಬೇಕಾದದ್ದು ಬೇಕಿದ್ದರೆ 1967ರ 'ಕಾಲ್ ಆಫ್ ದಿ ವ್ಯಾಲಿ': ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಬಾನ್ಸುರಿ, ಬ್ರಿಜ್‌ಭೂಷಣ್ ಕಾಬ್ರಾರ ಗಿಟಾರ್. ಕಾಶ್ಮೀರದ ಕುರುಬನೊಬ್ಬನ ಒಂದು ದಿನ, ಬೆಳಗಿನ ರಾಗದಿಂದ ರಾತ್ರಿಯ ರಾಗದವರೆಗೆ. ಅದನ್ನು ತುಂಡು ಮಾಡಿ ಕೇಳಬೇಡಿ.

ಈ ಎಲ್ಲವೂ ಮೊಬೈಲ್‌ನಲ್ಲೂ ಸಿಗುತ್ತವೆ, ಟರ್ನ್‌ಟೇಬಲ್ ಬರುವವರೆಗೆ ಅಲ್ಲೇ ಕೇಳಿ. ಅಲ್ಲಿಯವರೆಗೆ ಆ 40 ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಹಳೆಯ ಕಾಗದದ ಚೀಲಗಳಿಗೆ ಬೂಷ್ಟು ಹಿಡಿದಿದ್ದರೆ ಲೇಬಲ್ಲಿನ ಮಾಹಿತಿ ಬರೆದಿಟ್ಟುಕೊಂಡು ಚೀಲ ಬದಲಿಸಿ. ಎಲ್‌ಪಿಗೆ ಪಾಲಿಥೀನ್ ಚೀಲ ಹಾಕಿ, ಪಿವಿಸಿ ಬೇಡ, ಕೆಲವು ವರ್ಷಕ್ಕೆ ಅದು ಬೆವರಿ ಪ್ಲೇಟಿಗೆ ಅಂಟುತ್ತದೆ. ಯಾವ ಪ್ಲೇಟುಗಳಿವೆ ಎಂದು ಲೇಬಲ್ಲಿನ ಫೋಟೊ ತೆಗೆದು ಇಲ್ಲಿ ಹಾಕಿ. ಗೆರೆಯ ಕಡೆ ಬೂದು ಬಣ್ಣ ಕಂಡರೆ ಅದನ್ನೂ ಹೇಳಿ, ಸವೆತವೋ ಬೂಷ್ಟೋ ನೋಡಿ ಹೇಳುತ್ತೇನೆ.