ಸಿಗರೇಟ್ ಬಿಡಲು ವೇಪ್ ಹಿಡಿಯಬಹುದಾ?

ಹನ್ನೆರಡು ವರ್ಷದಿಂದ ಸೇದುತ್ತಿದ್ದೇನೆ, ಬಿಡಬೇಕು ಅಂತ ಬರೆದಿದ್ದೀರಿ. ಇಂಗ್ಲೆಂಡಿನಲ್ಲಿ ಸರ್ಕಾರದವರೇ ವೇಪ್, ಅಂದರೆ ಇ-ಸಿಗರೇಟ್, ಹಿಡಿಯಿರಿ ಅನ್ನುತ್ತಾರೆ, ಇಲ್ಲಿ ನಿಷೇಧ. ಯಾರನ್ನು ನಂಬೋದು ಅಂತ ನಿಮ್ಮ ಪ್ರಶ್ನೆ.

ನಾನು ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ನಾನೂ ಸೇದುತ್ತಿದ್ದೆ, ಬಿಟ್ಟು ಆರು ವರ್ಷ ಆಯಿತು.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರ ಕಣ್ಣ ಮುಂದಿರುವ ಜನ ಬೇರೆ, ಅಷ್ಟೇ. ಇಂಗ್ಲೆಂಡಿನವರು ಮಾತಾಡುವುದು ಈಗಾಗಲೇ ಸೇದುವವರ ಬಗ್ಗೆ. ಸಿಗರೇಟಿನಲ್ಲಿ ಹೊಗೆಸೊಪ್ಪು ಉರಿಯುತ್ತದೆ. ಟಾರ್, ಕಾರ್ಬನ್ ಮೊನಾಕ್ಸೈಡ್ ಹುಟ್ಟುವುದು ಆ ಉರಿಯಿಂದಲೇ. ವೇಪ್‌ನಲ್ಲಿ ಉರಿ ಇಲ್ಲ, ದ್ರವ ಕಾದು ಆವಿಯಾಗುತ್ತದೆ. ಅದಕ್ಕೇ 2015ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್, ಸಿಗರೇಟಿಗಿಂತ ಸುಮಾರು 95 ಪರ್ಸೆಂಟ್ ಕಡಿಮೆ ಹಾನಿ ಅಂದಿತು. ಆ ಲೆಕ್ಕದ ಬಗ್ಗೆ ಆಗಲೇ ತಕರಾರು ಎದ್ದಿತ್ತು. ಸೇದದವರು ಇದನ್ನು ಮುಟ್ಟಲೇಬೇಡಿ ಅಂತಲೂ ಅಲ್ಲಿನವರೇ ಹೇಳುತ್ತಾರೆ. ವಾಟ್ಸಾಪ್‌ನಲ್ಲಿ ಆ ಮಾತು ಮಾತ್ರ ಬರುವುದಿಲ್ಲ.

ತಡೆಯಬೇಕು ಅನ್ನುವವರಿಗೆ ಚಿಂತೆ ಹುಡುಗರದ್ದು. ವಿಶ್ವ ಆರೋಗ್ಯ ಸಂಸ್ಥೆಯೂ ಅದೇ ಕಡೆ. ಹಣ್ಣಿನ ವಾಸನೆ ಹಾಕಿ ಮಾರುವುದನ್ನು ತಡೆಯಿರಿ ಅಂತ 2023ರ ಡಿಸೆಂಬರ್‌ನಲ್ಲಿ ಎಲ್ಲ ದೇಶಗಳಿಗೂ ಹೇಳಿತು. ಅದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕಳೆದ ವರ್ಷ ಒಬ್ಬ ಕಾಲೇಜು ಹುಡುಗ ಕೆಮ್ಮಿನ ಸಿರಪ್ ಕೇಳಿಕೊಂಡು ಬಂದ. ದುಡ್ಡು ತೆಗೆಯುವಾಗ ಜೇಬಿನಿಂದ ಪೆನ್ ಡ್ರೈವ್ ತರಹದ್ದು ಬಿತ್ತು. ಕೌಂಟರ್ ತುಂಬಾ ಮಾವಿನಹಣ್ಣಿನ ವಾಸನೆ. ಅವನು ಒಂದು ದಿನವೂ ಸಿಗರೇಟ್ ಸೇದಿದವನಲ್ಲ! ಇದು ಅವನಿಗೆ ಯಾವುದನ್ನು ಬಿಡಿಸಿತು, ಹೇಳಿ?

ನಮ್ಮ ಕರ್ನಾಟಕ 2016ರಲ್ಲೇ ನಿಷೇಧಿಸಿತು, ಕೇಂದ್ರ 2019ರಲ್ಲಿ. ಮಾರಿದರೆ ಮೊದಲ ಸಲಕ್ಕೇ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಬೀಡಿ, ಸಿಗರೇಟನ್ನು ಮೂಲೆಮೂಲೆಗೂ ಮಾರಲು ಬಿಟ್ಟು ಇದನ್ನೊಂದೇ ತಡೆದದ್ದು ನನಗೂ ಸರಿ ಕಾಣುವುದಿಲ್ಲ. ಆದರೂ ನೀವು ಕದ್ದು ತರಿಸಬೇಡಿ. ಬ್ರಿಟನ್ನಿನಲ್ಲಿ ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ನಿಕೋಟಿನ್ ಇರುವಂತಿಲ್ಲ. ಇಲ್ಲಿ ಕೈಯಿಂದ ಕೈಗೆ ಬರುವ ಡಬ್ಬಿಗೆ ಯಾವ ಲೆಕ್ಕ? ಇಂಗ್ಲೆಂಡಿನವರ ಮಾತು ಈ ಮಾಲಿಗೆ ಅನ್ವಯಿಸುವುದೇ ಇಲ್ಲ.

ನನಗೆ ಕೆಲಸಕ್ಕೆ ಬಂದದ್ದು ನಿಕೋಟಿನ್ ಗಮ್. 2 ಮಿಲಿಗ್ರಾಂದು ಚೀಟಿ ಇಲ್ಲದೆ ಸಿಗುತ್ತದೆ. ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಜಾಸ್ತಿ ಜನ ಬಬಲ್ ಗಮ್ ತರಹ ಒಂದೇ ಸಮ ಅಗಿದು, ಬಿಕ್ಕಳಿಕೆ ಬಂತು ಅಂತ ಬಿಸಾಕುತ್ತಾರೆ. ಹಾಗಲ್ಲ. ಬಾಯಿ ಚುರುಗುಟ್ಟುವ ತನಕ ನಿಧಾನ ಅಗಿಯಿರಿ, ಆಮೇಲೆ ಕೆನ್ನೆಗೂ ವಸಡಿಗೂ ನಡುವೆ ಇಟ್ಟುಕೊಂಡು ಸುಮ್ನಿರಿ. ಚುರುಚುರು ನಿಂತರೆ ಮತ್ತೆ ಅಗಿಯಿರಿ. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಮಿರ್ಚಿ ಮಂಡಕ್ಕಿ ತಿಂದು ಟೀ ಕುಡಿದ ಕೂಡಲೇ ಸಿಗರೇಟ್ ನೆನಪಾಗುತ್ತದೆ ಅಲ್ವಾ? ಟೀ ಮೇಲೆ ಗಮ್ ಹತ್ತುವುದಿಲ್ಲ, ಕಾಲು ಗಂಟೆ ಬಿಡಬೇಕು. ಆ ಕಾಲು ಗಂಟೆಯೇ ಕಷ್ಟ. ನಾನು ಆಗ ಅಂಗಡಿ ಬಿಟ್ಟು ಬೀದಿ ಕೊನೆಯವರೆಗೆ ನಡೆದು ಬರುತ್ತಿದ್ದೆ.

ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ 1800-11-2356. ಫ್ರೀ, ಕನ್ನಡದಲ್ಲೂ ಮಾತಾಡುತ್ತಾರೆ. ಇವತ್ತೇ ಮಾಡಿ.